ಮೂವತ್ತೊಂದು ಖಾನೆ, ಹದಿನೆಂಟು ಉತ್ತರ

ಹತ್ತು ಅಂಕದ ಒಂದು ಅಸೈನ್‌ಮೆಂಟಿನ ಬಗ್ಗೆ ಇಷ್ಟುದ್ದ ಬರೆಯಬೇಕಾ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಅಂಕ ಹಾಕಿದವನು ನಾನು, ತಪ್ಪಾಗಿ ಹಾಕಿದವನೂ ನಾನೇ. ಕಥನ ಸಿದ್ಧಾಂತವನ್ನು, ಅಂದರೆ ಕಥೆಗಳ ಕಟ್ಟೋಣ ಹೇಗಿದೆ ಎಂದು ನೋಡುವ ಶಾಸ್ತ್ರವನ್ನು, ಸಾಹಸ ಸಿನಿಮಾಕ್ಕೆ ಹಚ್ಚಿ ನೋಡುವಾಗ ಕಾಲು ಎಲ್ಲಿ ಜಾರುತ್ತದೆ ಅನ್ನುವುದು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ಎರಡನೇ ವರ್ಷದ ಪದವಿ ಓದುವ ಇಬ್ಬರಿಂದ ತಿಳಿಯಿತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ತರಗತಿ ಮತ್ತು ಸಿನಿಮಾ

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಪತ್ರಿಕೋದ್ಯಮದ ಪಾಠದ ಜೊತೆಗೆ ಸಿನಿಮಾ ಓದುವ ಒಂದು ಐಚ್ಛಿಕ ಪತ್ರಿಕೆಯೂ ನನ್ನ ತಲೆಗೆ ಬಂದಿತ್ತು. ಮೂವತ್ತನಾಲ್ಕು ಮಕ್ಕಳು. ಅರ್ಧಕ್ಕಿಂತ ಹೆಚ್ಚು ಕನ್ನಡ ಮಾಧ್ಯಮದವರು. ಜಗಳೂರು, ಹರಿಹರ, ಚನ್ನಗಿರಿ ಕಡೆಯ ಬಸ್ಸುಗಳಲ್ಲಿ ಬರುವವರು. ಪಠ್ಯಕ್ರಮದಲ್ಲಿ ‘ಜನಪ್ರಿಯ ಸಾಹಸ ಚಿತ್ರಗಳಿಗೆ ಕಥನ ಸಿದ್ಧಾಂತದ ಅನ್ವಯ’ ಅಂತ ಒಂದೇ ಒಂದು ಸಾಲು, ಅದಕ್ಕೆ ಆರು ಗಂಟೆ. ಯಾವ ಸಿನಿಮಾ ಅಂತ ಬರೆದಿರಲಿಲ್ಲ.

ನಾನು ಆರಿಸಿದ್ದು 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನ, ಎರಡು ಗಂಟೆಗೆ ಐದು ನಿಮಿಷ ಕಮ್ಮಿ. ಮಾತು ಕಡಿಮೆ, ಓಟ ಹೆಚ್ಚು, ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ಕಥೆ ದಕ್ಕುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಸೋಮಾರಿತನ: ಡಿವಿಡಿ ನನ್ನ ಹತ್ತಿರ ಇತ್ತು. ಸೆಮಿನಾರ್ ಹಾಲಿನ ಕಿಟಕಿಗಳಿಗೆ ಜಮಖಾನ ಕಟ್ಟಿ ತೋರಿಸಿದೆ. ಮಧ್ಯೆ ಎರಡು ಸಲ ಕರೆಂಟ್ ಹೋಯಿತು.

ನೋಡದವರಿಗಾಗಿ ಕಥೆ ಇಷ್ಟು. 1936ನೇ ಇಸವಿ. ಇಂಡಿಯಾನಾ ಜೋನ್ಸ್ ಎಂಬ ಪುರಾತತ್ವದ ಮೇಷ್ಟ್ರು ದಕ್ಷಿಣ ಅಮೆರಿಕದ ಗುಹೆಯೊಂದರಿಂದ ಚಿನ್ನದ ವಿಗ್ರಹ ಎತ್ತಿಕೊಂಡು ಬರುತ್ತಾನೆ. ಬಾಗಿಲಲ್ಲೇ ಬೆಲೋಕ್ ಎಂಬ ಫ್ರೆಂಚ್ ಪ್ರತಿಸ್ಪರ್ಧಿ ಅದನ್ನು ಕಿತ್ತುಕೊಳ್ಳುತ್ತಾನೆ. ಊರಿಗೆ ಮರಳಿ ಪಾಠ ಮಾಡುತ್ತಿದ್ದಾಗ ಸೈನ್ಯದ ಗುಪ್ತಚರರು ಬಂದು, ನಾಜಿಗಳು ಈಜಿಪ್ಟಿನಲ್ಲಿ ಯೆಹೂದಿಗಳ ಪವಿತ್ರ ಪೆಟ್ಟಿಗೆಯನ್ನು ಹುಡುಕುತ್ತಿದ್ದಾರೆ, ಅವರಿಗಿಂತ ಮೊದಲು ನೀನು ತರಬೇಕು ಎನ್ನುತ್ತಾರೆ. ಪೆಟ್ಟಿಗೆ ಎಲ್ಲಿ ಹೂತಿದೆ ಎಂದು ತಿಳಿಯಲು ಒಂದು ಲೋಹದ ಬಿಲ್ಲೆ ಬೇಕು. ಅದು ನೇಪಾಳದಲ್ಲಿ ಹೆಂಡದಂಗಡಿ ನಡೆಸುವ ಮರಿಯನ್ ಎಂಬ ಹಳೆಯ ಗೆಳತಿಯ ಕೊರಳಲ್ಲಿದೆ. ಬಿಲ್ಲೆ ಸಿಗುತ್ತದೆ, ಪೆಟ್ಟಿಗೆ ಸಿಗುತ್ತದೆ, ಕೈತಪ್ಪುತ್ತದೆ, ಮತ್ತೆ ಸಿಗುತ್ತದೆ, ಮತ್ತೆ ಕೈತಪ್ಪುತ್ತದೆ. ಕೊನೆಗೆ ಒಂದು ದ್ವೀಪದಲ್ಲಿ ಬೆಲೋಕ್ ಮತ್ತು ನಾಜಿಗಳು ಪೆಟ್ಟಿಗೆ ತೆರೆಯುತ್ತಾರೆ. ಅದರೊಳಗಿಂದ ಎದ್ದ ಬೆಂಕಿಗೆ ಎಲ್ಲರೂ ಸಾಯುತ್ತಾರೆ. ಕಂಬಕ್ಕೆ ಕಟ್ಟಿಹಾಕಲ್ಪಟ್ಟ ಇಂಡಿ, ಮರಿಯನ್ ಇಬ್ಬರೇ ಕಣ್ಣು ಮುಚ್ಚಿಕೊಂಡಿದ್ದರಿಂದ ಉಳಿಯುತ್ತಾರೆ. ಪೆಟ್ಟಿಗೆಯನ್ನು ಸರ್ಕಾರ ತೆಗೆದುಕೊಂಡು ದೊಡ್ಡ ಉಗ್ರಾಣದಲ್ಲಿ ಸಾವಿರಾರು ಡಬ್ಬಗಳ ನಡುವೆ ನೂಕಿಬಿಡುತ್ತದೆ.

ಫಂಕ್ಷನ್ ಅಂದರೆ

ಸಿದ್ಧಾಂತಕ್ಕೆ ನಾನು ಹಿಡಿದದ್ದು ವ್ಲಾಡಿಮಿರ್ ಪ್ರಾಪ್‌ನನ್ನು. ರಷ್ಯಾದ ಈ ವಿದ್ವಾಂಸ ಅಫನಾಸ್ಯೇವ್ ಸಂಗ್ರಹದ ನೂರು ಅದ್ಭುತ ಕಥೆಗಳನ್ನು ಬಿಡಿಸಿ ನೋಡಿ 1928ರಲ್ಲಿ ಒಂದು ಮಾತು ಹೇಳಿದ: ಪಾತ್ರಗಳು ಸಾವಿರ ಇರಬಹುದು, ಅವು ಮಾಡುವ ಕೆಲಸಗಳು ಮೂವತ್ತೊಂದೇ, ಆ ಕೆಲಸಗಳು ಬರುವ ವರಸೆಯೂ ಒಂದೇ. ರಾಜ ಹದ್ದನ್ನು ಕೊಟ್ಟರೂ ಮುದುಕ ಕುದುರೆಯನ್ನು ಕೊಟ್ಟರೂ ಕಥೆಯ ಮಟ್ಟಿಗೆ ಅದು ಒಂದೇ ಕೆಲಸ, ನಾಯಕನನ್ನು ಇನ್ನೊಂದು ಸೀಮೆಗೆ ದಾಟಿಸುವ ಸಾಧನ ಅವನ ಕೈಸೇರುವುದು. ಈ ಕೆಲಸಗಳನ್ನು ಏಳು ಬಗೆಯ ಪಾತ್ರಗಳು ಹಂಚಿಕೊಳ್ಳುತ್ತವೆ: ಖಳ, ದಾನಿ (ನಾಯಕನನ್ನು ಪರೀಕ್ಷಿಸಿ ಮಾಯಾವಸ್ತು ಕೊಡುವವನು), ಸಹಾಯಕ, ರಾಜಕುಮಾರಿ ಮತ್ತು ಅವಳಪ್ಪ, ಕಳಿಸುವವನು, ನಾಯಕ, ಸುಳ್ಳು ನಾಯಕ.

ಪ್ರಾಪ್ ಈ ಕೆಲಸಕ್ಕೆ ‘ಫಂಕ್ಷನ್’ ಎನ್ನುತ್ತಾನೆ. ನಮ್ಮ ಹುಡುಗರಿಗೆ ಫಂಕ್ಷನ್ ಅಂದರೆ ಮದುವೆ, ನಾಮಕರಣ, ಗೃಹಪ್ರವೇಶ. ಮೊದಲ ದಿನ ಇಡೀ ತರಗತಿ ನಕ್ಕಿತು. ತಮಾಷೆ ಅಂದರೆ ಪಟ್ಟಿಯ ಮೂವತ್ತೊಂದನೆಯದು ನಿಜಕ್ಕೂ ಮದುವೆಯೇ, ಇಲ್ಲವೇ ಪಟ್ಟಾಭಿಷೇಕ. ಗೊಂದಲ ಬೇಡ ಅಂತ ‘ಕಾರ್ಯ’ ಎಂದು ಬರೆಸಿದೆ. ಅದೂ ಬಯಲುಸೀಮೆಯಲ್ಲಿ ಮದುವೆಗೆ ಹೇಳುವ ಮಾತೇ ಎಂದು ಆಮೇಲೆ ಹೊಳೆಯಿತು. ಹೋಗಲಿ.

ಒಂದು ಹಾಳೆಯ ಮೇಲೆ ಮೂವತ್ತೊಂದು ಖಾನೆ ಗೆರೆ ಎಳೆದು ಜೆರಾಕ್ಸ್ ಮಾಡಿಸಿ ಹಂಚಿದೆ. ಪ್ರತಿ ಖಾನೆಯಲ್ಲೂ ಕಾರ್ಯದ ಹೆಸರು, ಪಕ್ಕದಲ್ಲಿ ಸಿನಿಮಾದ ದೃಶ್ಯ ಬರೆಯಲು ಜಾಗ. ಮೂರು ಖಾನೆಗೆ ಒಂದು ಅಂಕ. ಅಸೈನ್‌ಮೆಂಟು ಇಷ್ಟೇ, ಈ ಪ್ರಕರಣದ ತಪ್ಪೂ ಇಷ್ಟೇ.

ಎರಡು ಹಾಳೆಗಳು

ಮೂವತ್ತೊಂದನ್ನೂ ತುಂಬಿದವನು ಒಬ್ಬನೇ. ಅವನ ಅಪ್ಪನದು ಮಂಡಕ್ಕಿ ಭಟ್ಟಿ; ಬೆಳಗಿನ ಜಾವ ಭಟ್ಟಿಯಲ್ಲಿ ಕೆಲಸ ಮಾಡಿ ಕೂದಲಲ್ಲಿ ಬೂದಿ ಇಟ್ಟುಕೊಂಡೇ ಕ್ಲಾಸಿಗೆ ಬರುವ ಹುಡುಗ. ಅಕ್ಷರ ಮುತ್ತಿನ ಹಾಗೆ. ಎಲ್ಲವೂ ಅವನ ಹಾಳೆಯಲ್ಲಿ ಜಾಗ ಕಂಡುಕೊಂಡಿತ್ತು. ಇಪ್ಪತ್ತೈದು, ಕಠಿಣ ಪರೀಕ್ಷೆ: ಹಾವಿನ ಗುಂಡಿಗೆ ಇಳಿಯುವುದು. ಇಪ್ಪತ್ತೊಂಬತ್ತು, ನಾಯಕನಿಗೆ ಹೊಸ ರೂಪ: ಕೊನೆಯಲ್ಲಿ ಸೂಟು ಹಾಕಿಕೊಂಡದ್ದು. ಮೂವತ್ತೊಂದು, ಮದುವೆ: ಮರಿಯನ್ ಜೊತೆ ತೋಳಿಗೆ ತೋಳು ಸೇರಿಸಿ ಮೆಟ್ಟಿಲಿಳಿದು ಹೋದದ್ದು. ಹತ್ತಕ್ಕೆ ಹತ್ತು ಹಾಕಿದೆ.

ಜಗಳೂರಿನ ಕಡೆಯಿಂದ ಬರುವ ಒಬ್ಬ ಹುಡುಗಿ ಹದಿನೆಂಟು ತುಂಬಿ ಹದಿಮೂರು ಬಿಟ್ಟಿದ್ದಳು. ಹತ್ತಕ್ಕೆ ಆರು. ಹದಿನೇಳನೇ ಖಾನೆಯಲ್ಲಿ ಏನೂ ಬರೆಯದೆ ಒಂದು ಅಂಗೈ ಬಿಡಿಸಿ, ಅದರ ನಡುವೆ ದುಂಡನೆಯ ಬಿಲ್ಲೆ ಹಾಕಿದ್ದಳು. ಚಿತ್ರ ಚೆನ್ನಾಗಿದೆ ಅಂತ ಲೆಕ್ಕಕ್ಕೆ ಹಿಡಿದಿದ್ದೆ, ಅರ್ಥವಾಗಿ ಅಲ್ಲ.

ಅಂಕಪಟ್ಟಿ ಹಾಕಿದ ಮಾರನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

“ಸರ್, ನನಗ್ಯಾಕೆ ಆರು?”

“ಹದಿನೆಂಟು ತುಂಬಿದೀಯಲ್ಲಮ್ಮ. ಮೂರಕ್ಕೊಂದು.”

“ಉಳಿದವು ಯಾಕೆ ಖಾಲಿ ಅದಾವೆ ಅಂತ ಹಿಂದ್ಗಡೆ ಬರ್ದಿದ್ನಲ್ಲ ಸರ್. ಓದಿದ್ರಾ?”

ಓದಿರಲಿಲ್ಲ. ಹಾಳೆ ತಿರುಗಿಸಿಯೇ ಇರಲಿಲ್ಲ. ಮೂವತ್ತನಾಲ್ಕು ಹಾಳೆಗಳನ್ನು ಒಂದು ರಾತ್ರಿ ಕೂತು ಖಾನೆ ಎಣಿಸಿ ಮುಗಿಸಿದ್ದೆ. ಎಣಿಸುವುದಕ್ಕೆ ಓದು ಬೇಕಾಗಿರಲಿಲ್ಲ.

ಹಾಳೆಯ ಹಿಂಬದಿ

ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಒತ್ತೊತ್ತಾಗಿ ಹದಿಮೂರು ಟಿಪ್ಪಣಿ. ಎಲ್ಲವೂ ಮುಖ್ಯವಲ್ಲ, ಕೆಲವು ಹಾರಿಕೆಯವೂ ಇದ್ದವು. ಆದರೆ ಹದಿನಾರು ಮತ್ತು ಹದಿನೆಂಟರ ಟಿಪ್ಪಣಿ ನನ್ನನ್ನು ಕೂರಿಸಿತು. ಹದಿನಾರು ಅಂದರೆ ನಾಯಕ ಮತ್ತು ಖಳ ಮುಖಾಮುಖಿ ಸೆಣಸುವುದು, ಹದಿನೆಂಟು ಅಂದರೆ ಖಳ ಸೋಲುವುದು. ಸಾಹಸ ಸಿನಿಮಾದಲ್ಲಿ ಈ ಎರಡು ಖಾನೆ ಖಾಲಿ ಬಿಡುವುದೆಂದರೆ ಬೆಣ್ಣೆ ದೋಸೆಯಲ್ಲಿ ಬೆಣ್ಣೆ ಬಿಟ್ಟ ಹಾಗೆ. ಅವಳು ಬರೆದದ್ದು: ‘ಇಲ್ಲಿ ಹೀರೋನ ಕಂಬಕ್ಕೆ ಕಟ್ಟಿ ಹಾಕಿದಾರೆ. ಅವನು ಹೊಡೆದಿಲ್ಲ. ವಿಲನ್ ತಾನೇ ಸತ್ತಿದಾನೆ. ಮೊದಲಿಂದ ಗೆದ್ದಿದ್ದೆಲ್ಲ ಇವನ ಕೈಯಿಂದ ಕಿತ್ಕೊಂಡಿದಾರೆ. ಇದನ್ನು ಗೆಲುವು ಅಂತ ಹೆಂಗೆ ಬರೀಲಿ?’

ಭಟ್ಟಿ ಹುಡುಗ ಅದೇ ಖಾನೆಗಳಲ್ಲಿ ವಿಮಾನದ ಪಕ್ಕ ಬೋಳುತಲೆಯ ದೈತ್ಯ ಮೆಕ್ಯಾನಿಕ್ ಜೊತೆ ನಡೆಯುವ ಹೊಡೆದಾಟ ಬರೆದಿದ್ದ. ಮತ್ತೊಮ್ಮೆ ಆ ದೃಶ್ಯ ಹಾಕಿ ನೋಡಿದೆ. ಇಂಡಿ ಪೆಟ್ಟು ತಿನ್ನುತ್ತಾನೆ, ತಲೆ ತಗ್ಗಿಸುತ್ತಾನೆ. ದೈತ್ಯ ಸಾಯುವುದು ತಿರುಗುವ ರೆಕ್ಕೆಗೆ ಸಿಕ್ಕಿ. ಅಲ್ಲೂ ಗೆದ್ದದ್ದು ಮುಷ್ಟಿಯಲ್ಲ. ವಿಗ್ರಹ ಬಾಗಿಲಲ್ಲಿ ಹೋಯಿತು, ಪೆಟ್ಟಿಗೆ ಹಾವಿನ ಗುಂಡಿಯ ಬಾಯಲ್ಲಿ ಹೋಯಿತು, ಲಾರಿ ಬೆನ್ನಟ್ಟಿ ವಾಪಸ್ ತಂದದ್ದು ಹಡಗಿನಲ್ಲಿ ಹೋಯಿತು, ಕೊನೆಗೆ ಉಳಿದದ್ದನ್ನು ಸ್ವಂತ ಸರ್ಕಾರವೇ ಒಯ್ಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗಾದೆಯನ್ನು ನಾಲ್ಕು ಸಲ ಹೇಳಿದರೆ ಈ ಸಿನಿಮಾ. ಮೂವತ್ತೊಂದು ಖಾನೆ ತುಂಬಿದವನಿಗೆ ಇದು ಕಾಣದು. ಯಾಕೆಂದರೆ ಪ್ರತಿ ಖಾನೆಗೂ ಅವನ ಹತ್ತಿರ ಏನೋ ಒಂದು ಇತ್ತು.

ಈಗ ಆ ಅಂಗೈ. ಪ್ರಾಪ್‌ನ ಹದಿನೇಳನೇ ಕಾರ್ಯ ‘ಗುರುತು’: ಸೆಣಸಾಟದಲ್ಲಿ ನಾಯಕನ ಮೈಮೇಲೆ ಒಂದು ಗಾಯವೋ ಮುದ್ರೆಯೋ ಬೀಳುತ್ತದೆ, ಮುಂದೆ ಅದರಿಂದಲೇ ಅವನನ್ನು ಗುರುತು ಹಿಡಿಯುತ್ತಾರೆ. ಭಟ್ಟಿ ಹುಡುಗ ಇಂಡಿಯ ತೋಳಿಗೆ ಗುಂಡು ತಗುಲಿದ್ದನ್ನು ಬರೆದಿದ್ದ. ತಪ್ಪೆನ್ನಲಾಗದು, ಗಾಯ ಗಾಯವೇ. ಆದರೆ ಆ ಗಾಯದಿಂದ ಮುಂದೆ ಏನೂ ಆಗುವುದಿಲ್ಲ, ಹಡಗಿನಲ್ಲಿ ಒಂದು ಮುದ್ದಿನ ದೃಶ್ಯಕ್ಕೆ ನೆಪವಾಗುವುದು ಬಿಟ್ಟರೆ. ಹುಡುಗಿ ಬಿಡಿಸಿದ್ದು ಖಳನ ಅಂಗೈ. ನೇಪಾಳದ ಹೆಂಡದಂಗಡಿಗೆ ಬೆಂಕಿ ಬಿದ್ದಾಗ ಟೋಟ್ ಎಂಬ ನಾಜಿ ಕಾದ ಬಿಲ್ಲೆಯನ್ನು ಹಿಡಿಯಲು ಹೋಗುತ್ತಾನೆ, ಅದರ ಅಚ್ಚು ಅಂಗೈಯಲ್ಲಿ ಸುಟ್ಟು ಕೂರುತ್ತದೆ. ಬಿಲ್ಲೆಯನ್ನು ಸರಿಯಾದ ಉದ್ದದ ಕೋಲಿನ ತುದಿಗೆ ಸಿಕ್ಕಿಸಿ ನಿಲ್ಲಿಸಿದರೆ ಅದರ ಮೂಲಕ ಹಾದ ಬಿಸಿಲ ಕಿರಣ ಪೆಟ್ಟಿಗೆ ಇರುವ ಜಾಗವನ್ನು ತೋರಿಸುತ್ತದೆ. ಆ ಅಚ್ಚನ್ನೇ ನೋಡಿ ನಾಜಿಗಳು ಕೋಲಿನ ಉದ್ದ ಲೆಕ್ಕ ಹಾಕುತ್ತಾರೆ. ಅಂಗೈಯಲ್ಲಿ ಮೂಡಿದ್ದು ಬಿಲ್ಲೆಯ ಒಂದು ಮುಖ ಮಾತ್ರ. ಕೋಲನ್ನು ಒಂದಷ್ಟು ಮೊಟಕು ಮಾಡಬೇಕು ಎಂಬ ಮಾತು ಇನ್ನೊಂದು ಮುಖದಲ್ಲಿದೆ. ಕೋಲು ಉದ್ದವಾಗಿ, ಬಿಸಿಲ ಕಿರಣ ತಪ್ಪು ಜಾಗಕ್ಕೆ ಬಿದ್ದು, ಅವರೆಲ್ಲ ಬೇರೆಲ್ಲೋ ಅಗೆಯುತ್ತಾ ಕೂರುತ್ತಾರೆ.

ಪ್ರಾಪ್ ಕಾರ್ಯವನ್ನು ವಿವರಿಸುವುದೇ ಹೀಗೆ: ಒಂದು ಕೆಲಸ ಏನೆಂದು ತೀರ್ಮಾನಿಸುವುದು ಅದರಿಂದ ಕಥೆ ಎತ್ತ ತಿರುಗಿತು ಅನ್ನುವುದರ ಮೇಲೆ. ಹಾಗೆ ನೋಡಿದರೆ ಹದಿನೇಳನೆಯದು ತೋಳಿನ ಗಾಯವಲ್ಲ, ಅಂಗೈಯೇ. ನಾಯಕನ ಮೇಲೆ ಬೀಳಬೇಕಾದ ಗುರುತು ಖಳನ ಮೇಲೆ ಬಿದ್ದಿದೆ, ಅದೂ ಅರ್ಧ. ಹುಡುಗಿ ಒಂದು ಚಿತ್ರದಲ್ಲಿ ಹೇಳಿದ್ದನ್ನು ವಿವರಿಸಲು ನನಗೆ ಒಂದು ಪ್ಯಾರಾ ಬೇಕಾಯಿತು.

ಅವಳ ಹಾಳೆಯನ್ನು ತರಗತಿಯಲ್ಲಿ ಓದಿದೆ, ಹೆಸರು ಹೇಳದೆ. ಭಟ್ಟಿ ಹುಡುಗ ಬಿಡಲಿಲ್ಲ. “ಸರ್, ಹಂಗಾದ್ರೆ ಹೀರೋ ಯಾಕ್ ಬೇಕಿತ್ತು? ಮನೇಲೇ ಕೂತಿದ್ರೂ ಅವರು ಪೆಟ್ಗೆ ತೆಗ್ದು ಸಾಯ್ತಿದ್ರು.” ಈ ಪ್ರಶ್ನೆ ಹೊಸದಲ್ಲ, ಈ ಸಿನಿಮಾದ ಬಗ್ಗೆ ಜನ ಬಹಳ ದಿನದಿಂದ ಚುಡಾಯಿಸುತ್ತ ಬಂದದ್ದೇ. ಆದರೆ ಅದಕ್ಕೆ ಜಗಳೂರಿನ ಹುಡುಗಿ ಕೊಟ್ಟ ಉತ್ತರ ನಾನು ಎಲ್ಲೂ ಓದಿರಲಿಲ್ಲ. “ಪುಣ್ಯಕೋಟೀಲಿ ಹುಲಿನ ಹಸು ಕೊಂದಿದೆಯಾ?”

ತರಗತಿ ಒಂದು ಗಳಿಗೆ ಸುಮ್ಮನಾಯಿತು.

ಗೋವಿನ ಹಾಡು ಗೊತ್ತಿಲ್ಲದ ಕನ್ನಡದ ಮಗು ಇಲ್ಲ. ಹಸು ಹುಲಿಗೆ ಕೊಟ್ಟ ಮಾತಿನಂತೆ ಕರುವಿಗೆ ಹಾಲೂಡಿಸಿ ವಾಪಸ್ ಬರುತ್ತದೆ. ಹುಲಿ ಅದನ್ನು ತಿನ್ನಲಾರದೆ ತಾನೇ ಹಾರಿ ಪ್ರಾಣ ಬಿಡುತ್ತದೆ. ಸೆಣಸಾಟ ಇಲ್ಲ, ಗೆಲುವೂ ಇಲ್ಲ, ಖಳ ಮಾತ್ರ ಇಲ್ಲವಾಗುತ್ತಾನೆ. ಹಸು ಮಾಡಿದ್ದೊಂದೇ, ಮಾತಿಗೆ ತಪ್ಪದೆ ನಿಂತದ್ದು. ಇಂಡಿ ಮಾಡಿದ್ದೂ ಒಂದೇ, ನೋಡದೆ ನಿಂತದ್ದು. ಎರಡೂ ಒಂದೇ ಕಥೆ ಎನ್ನುತ್ತಿಲ್ಲ. ಹುಲಿಗೆ ಮನಸ್ಸು ಕರಗಿತು, ನಾಜಿಗಳಿಗೆ ಮುಖ ಕರಗಿತು. ಆದರೆ ಅಸ್ಥಿಪಂಜರ ಹತ್ತಿರದ್ದು.

ಅಲ್ಲಿಂದ ಹಿಂದಕ್ಕೆ ಹೋದರೆ ಎರಡು ಮತ್ತು ಮೂರನೇ ಖಾನೆಯೂ ಬೇರೆಯಾಗಿ ಕಾಣುತ್ತದೆ. ಎರಡು ‘ಬೇಡ ಅನ್ನುವುದು’, ಮೂರು ‘ಬೇಡ ಅಂದದ್ದನ್ನು ಮಾಡುವುದು’. ಜನಪದ ಕಥೆಯಲ್ಲಿ ಇವು ಆರಂಭದಲ್ಲೇ ಬರುತ್ತವೆ, ಮೀರುವವರು ನಾಯಕ ಅಥವಾ ಅವನ ಮನೆಯವರು: ಆ ಕೋಣೆ ತೆರೆಯಬೇಡ ಅಂದರೆ ತೆರೆಯುತ್ತಾರೆ, ಅಲ್ಲಿಂದ ಕಷ್ಟ ಶುರು. ಈ ಸಿನಿಮಾದಲ್ಲಿ ಬಿಲ್ಲೆಯ ಬರಹ ಓದುವ ಮುದುಕ ಅರ್ಧ ದಾರಿಯಲ್ಲಿ ಪೆಟ್ಟಿಗೆಯನ್ನು ಕೆಣಕಬೇಡಿ ಎಂಬ ಎಚ್ಚರಿಕೆ ಇದೆ ಎನ್ನುತ್ತಾನೆ. ಮೀರುವುದು ಕೊನೆಯ ಹತ್ತು ನಿಮಿಷದಲ್ಲಿ, ಮೀರುವವನು ಖಳ. ಇಡೀ ಸಿನಿಮಾ ಪೆಟ್ಟಿಗೆಯ ಹಿಂದೆ ಬಿದ್ದವನು, ಮಂತ್ರ ತಂತ್ರ ನಂಬದವನು, ಕೊನೆಗೆ ಕಣ್ಣು ಮುಚ್ಚುವುದನ್ನು ಕಲಿಯುತ್ತಾನೆ. ದಾನಿ ಒಡ್ಡುವ ಪರೀಕ್ಷೆಯೂ ಅದಕ್ಕೆ ನಾಯಕನ ಉತ್ತರವೂ ಹನ್ನೆರಡು, ಹದಿಮೂರನೇ ಖಾನೆಯಿಂದ ಎದ್ದು ಸಿನಿಮಾದ ತುದಿಗೆ ಬಂದು ಕೂತಿವೆ ಎಂದು ನಾನು ಓದುತ್ತೇನೆ. ಬೇರೆಯವರು ಬೇರೆ ಓದಬಹುದು. ಆದರೆ ಈ ಓದು ಸಿಕ್ಕಿದ್ದು ಖಾಲಿ ಬಿಟ್ಟ ಎರಡು ಖಾನೆಯಿಂದ.

ಪಟ್ಟಿಯ ತಪ್ಪಲ್ಲ

ಇಲ್ಲಿ ಪ್ರಾಪ್‌ನ ಪರ ಒಂದು ಮಾತು ಹೇಳದಿದ್ದರೆ ಅನ್ಯಾಯ. ಪ್ರತಿ ಕಥೆಯಲ್ಲೂ ಮೂವತ್ತೊಂದೂ ಇರಬೇಕು ಅಂತ ಅವನು ಎಲ್ಲೂ ಹೇಳಿಲ್ಲ. ಕೆಲವು ಬಿಟ್ಟುಹೋದರೂ ಉಳಿದವುಗಳ ವರಸೆ ಕೆಡುವುದಿಲ್ಲ ಅಂದ, ಅಷ್ಟೇ. ಸೆಣಸಿ ಗೆಲ್ಲುವ ಜೋಡಿಯೂ ಕಠಿಣ ಪರೀಕ್ಷೆ ಗೆಲ್ಲುವ ಜೋಡಿಯೂ ಒಂದೇ ಸುತ್ತಿನಲ್ಲಿ ಒಟ್ಟಿಗೆ ಬರುವುದು ಅಪರೂಪ ಎಂದೂ ಗಮನಿಸಿದ್ದ. ಅಂದರೆ ಎಲ್ಲ ಖಾನೆ ತುಂಬಿದ ಹಾಳೆ ಕಂಡರೆ ಪ್ರಾಪ್ ಮೊದಲು ಅನುಮಾನ ಪಡುತ್ತಿದ್ದ. ನಾನು ಹತ್ತಕ್ಕೆ ಹತ್ತು ಹಾಕಿದೆ.

ನನಗಿಂತ ದೊಡ್ಡವರೂ ಜಾರಿದ್ದಾರೆ ಎಂಬುದೊಂದು ಸಮಾಧಾನ. ಪ್ರಾಪ್‌ನ ಪಟ್ಟಿಯನ್ನು ಹಾಲಿವುಡ್ ಚಿತ್ರಗಳಿಗೆ ಹಿಗ್ಗಿಸಿ ಕುಗ್ಗಿಸಿ ತೊಡಿಸಿದ ಸಿನಿಮಾ ಪಂಡಿತರನ್ನು ಅಮೆರಿಕದ ಸಿನಿಮಾ ವಿದ್ವಾಂಸ ಡೇವಿಡ್ ಬಾರ್ಡ್‌ವೆಲ್ 1988ರಲ್ಲಿ ಒಬ್ಬೊಬ್ಬರನ್ನಾಗಿ ಹಿಡಿದು ಜಾಡಿಸಿದ. ಅದಕ್ಕೂ ಮೊದಲು, 1960ರಲ್ಲಿ, ಫ್ರೆಂಚ್ ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಪ್ರಾಪ್‌ನ ಮೇಲೆಯೇ ದೂರು ಹೊರಿಸಿದ್ದ: ಈ ವಿಧಾನ ಬರುವ ಮುಂಚೆ ಕಥೆಗಳು ಯಾವುದರಲ್ಲಿ ಒಂದೇ ಎಂದು ನಮಗೆ ತಿಳಿಯುತ್ತಿರಲಿಲ್ಲ, ಬಂದ ಮೇಲೆ ಅವು ಯಾವುದರಲ್ಲಿ ಬೇರೆ ಎಂದು ತಿಳಿಯುವ ದಾರಿ ಮುಚ್ಚಿತು ಎಂಬರ್ಥದ್ದು. ಎಂ.ಎ. ಓದುವಾಗ ಈ ಮಾತನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಅರ್ಥವಾದದ್ದು ಮೂರು ಖಾನೆಗೆ ಒಂದು ಅಂಕ ಹಾಕಿದ ಮೇಲೆ.

ಇನ್ನೊಬ್ಬ ಕಥನ ಸಿದ್ಧಾಂತಿ ಟೊಡೊರೊವ್‌ನ ಐದು ಹಂತವನ್ನೂ ಪಾಠ ಮಾಡಿದ್ದೆ: ಸಮಸ್ಥಿತಿ, ಅದು ಕೆಡುವುದು, ಕೆಟ್ಟಿದೆ ಎಂದು ಅರಿವಾಗುವುದು, ಸರಿಪಡಿಸುವ ಯತ್ನ, ಹೊಸ ಸಮಸ್ಥಿತಿ. ಇದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಳೆದುಹೋಗಿದ್ದ ಪೆಟ್ಟಿಗೆ ಕೊನೆಗೆ ಉಗ್ರಾಣದಲ್ಲಿ ಮತ್ತೆ ಕಳೆದುಹೋಯಿತು, ಹೊಸ ಸಮಸ್ಥಿತಿ ಹಳೆಯದೇ, ಮೇಲೊಂದು ಸರ್ಕಾರಿ ಮೊಹರು. ಕ್ಯಾಂಪ್‌ಬೆಲ್‌ನ 1949ರ ವೀರಯಾತ್ರೆಯ ಚಕ್ರವನ್ನು, ಅಂದರೆ ನಾಯಕ ಮನೆ ಬಿಟ್ಟು ಹೋಗಿ ಕಷ್ಟ ಗೆದ್ದು ಮರಳುವ ಸುತ್ತನ್ನು, ಹುಡುಗರು ಯೂಟ್ಯೂಬಿನಲ್ಲಿ ಆಗಲೇ ನೋಡಿಕೊಂಡು ಬಂದಿದ್ದರು. ನನಗೆ ಅದರ ಮೇಲೆ ಅಷ್ಟು ಪ್ರೀತಿಯಿಲ್ಲ, ಅದರಲ್ಲಿ ಹಿಡಿಸದ ಕಥೆಯೇ ಇಲ್ಲ.

ಕಿಂಡಿಯ ಮುಂದೆ

ಒಂದು ಭಾನುವಾರ ಚಿತ್ರದುರ್ಗಕ್ಕೆ ಹೊರಟೆವು. ಹೆದ್ದಾರಿಯಲ್ಲಿ ಸುಮಾರು ಅರವತ್ತು ಕಿಲೋಮೀಟರ್. ಪ್ರವಾಸ ಅಂತ ಹೇಳಿ ಅನುಮತಿ ಪಡೆದದ್ದು, ಆದರೆ ಎಲ್ಲರ ಚೀಲದಲ್ಲೂ ಒಂದೊಂದು ಖಾಲಿ ಖಾನೆಯ ಹಾಳೆ. ಈ ಸಲ ನಿಯಮ ಬೇರೆ: ಖಾಲಿ ಬಿಟ್ಟದ್ದಕ್ಕೆ ಕಾರಣ ಬರೆದರೆ ಅಂಕ, ಬೇರೆಯವರ ಪಾಲಾದ ಕಾರ್ಯ ಗುರುತಿಸಿದರೂ ಅಂಕ.

ಒನಕೆ ಓಬವ್ವನ ಕಥೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವುದೇ ಸಿನಿಮಾದಿಂದ; 1972ರ ‘ನಾಗರಹಾವು’ ಚಿತ್ರದ ಹಾಡಿನಲ್ಲಿ ಜಯಂತಿ ಒನಕೆ ಹಿಡಿದು ನಿಂತದ್ದೇ ಎಲ್ಲರ ಕಣ್ಣಲ್ಲಿರುವ ಓಬವ್ವ. ಕೋಟೆಯ ಗೈಡ್ ತಣ್ಣೀರು ದೋಣಿಯ ಹತ್ತಿರ ನಿಲ್ಲಿಸಿ ಕಥೆ ಹೇಳಿದರು. ಹೈದರಾಲಿಯ ಮುತ್ತಿಗೆ. ಬಂಡೆಗಳ ನಡುವಿನ ಕಿಂಡಿಯಲ್ಲಿ ಒಬ್ಬ ಹೆಂಗಸು ಒಳಗೆ ಹೋದದ್ದನ್ನು ಶತ್ರುಗಳು ನೋಡಿದರು. ಕಾವಲಿನ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದ. ಗಂಡ ಉಣ್ಣುವಾಗ ಓಬವ್ವ ನೀರಿಗೆ ಹೋದಳು. ಕಿಂಡಿಯಲ್ಲಿ ತೂರಿ ಬರುವ ಸೈನಿಕನ ತಲೆ ಕಂಡಳು, ಒನಕೆ ತಂದಳು. ಒಬ್ಬೊಬ್ಬರೇ ಬಗ್ಗಿ ಬಂದಂತೆ ಒಬ್ಬೊಬ್ಬರ ತಲೆಗೂ ಏಟು. ಅವಳ ಕೊನೆ ಹೇಗಾಯಿತು ಅನ್ನುವುದು ಹೇಳುವವರಿಗೆ ತಕ್ಕಂತೆ ಬದಲಾಗುತ್ತದೆ.

ಭಟ್ಟಿ ಹುಡುಗ ಕಿಂಡಿಯೊಳಗೆ ನುಗ್ಗಿ ನೋಡಿದ. ಬೆನ್ನಿನ ಚೀಲ ಕಲ್ಲಿಗೆ ಸಿಕ್ಕಿಕೊಂಡಿತು. ಅದನ್ನು ಕಳಚಿ, ಒಂದು ಭುಜ ಮೊದಲು ಹಾಕಿ, ತಲೆ ತಗ್ಗಿಸಿ ಹೊರಗೆ ಬಂದಾಗ ಕುತ್ತಿಗೆ ನೆಟ್ಟಗೆ ಎದುರಿಗೆ ಚಾಚಿತ್ತು. ಕೈ ಎರಡೂ ಕಲ್ಲಿನ ನಡುವೆ. “ಸರ್, ಇಲ್ಲಿ ಕತ್ತಿ ಎತ್ತಕ್ಕೇ ಆಗಲ್ರಿ,” ಅಂದ. ಸೆಣಸಾಟದ ಖಾನೆಯಲ್ಲಿ ಅವನು ಬರೆದದ್ದು ‘ಜಾಗವೇ ಸಹಾಯಕ’ ಎಂದು. ಏಳು ಬಗೆಯ ಪಾತ್ರಗಳಲ್ಲಿ ಒಂದನ್ನು ಕಲ್ಲಿಗೆ ಕೊಟ್ಟಿದ್ದ. ಹತ್ತಕ್ಕೆ ಹತ್ತು ಪಡೆದ ಹಾಳೆಯಲ್ಲಿ ಇಷ್ಟು ಚುರುಕಾದ ಒಂದು ಮಾತೂ ಇರಲಿಲ್ಲ.

ಉಳಿದದ್ದನ್ನು ಹುಡುಗರೇ ಬಂಡೆಯ ಮೇಲೆ ಕೂತು ಬಿಡಿಸಿದರು. ಒಂದನೇ ಕಾರ್ಯ, ಮನೆಯ ಒಬ್ಬರು ಇಲ್ಲದಿರುವುದು: ಅದು ಕಾವಲುಗಾರ ಊಟಕ್ಕೆ ಹೋದದ್ದು. ನಾಲ್ಕು ಮತ್ತು ಐದು, ಖಳ ಹೊಂಚುಹಾಕುವುದು ಮತ್ತು ಸುದ್ದಿ ಪಡೆಯುವುದು: ಕಿಂಡಿಯಲ್ಲಿ ಹೋದ ಹೆಂಗಸು. ಅಲ್ಲಿಂದ ನೇರವಾಗಿ ಹದಿನಾರಕ್ಕೆ ಜಿಗಿತ. ಕಳಿಸುವವನಿಲ್ಲ, ಯಾರೂ ಅವಳಿಗೆ ಹೋಗು ಅನ್ನಲಿಲ್ಲ. ದಾನಿಯಿಲ್ಲ, ಒನಕೆ ಅವಳ ಅಡುಗೆಮನೆಯದೇ. ಹನ್ನೊಂದು, ಮನೆ ಬಿಟ್ಟು ಹೊರಡುವುದು, ಅದೂ ಇಲ್ಲ. ಕೊಡ ಹಿಡಿದು ಹೋದ ದೂರವಷ್ಟೇ ಅವಳ ಯಾತ್ರೆ. ಇಪ್ಪತ್ತು, ಮರಳುವುದು: ಮರಳಿದವನು ಗಂಡ. ಮೂವತ್ತೊಂದು, ಮದುವೆ: ಅದ್ಯಾವಾಗಲೋ ಆಗಿಹೋಗಿದೆ.

ಈ ಕೊನೆಯದಕ್ಕೆ ನಾನು ಎ.ಕೆ. ರಾಮಾನುಜನ್ ಮಾತು ಸೇರಿಸಿದೆ. ಕನ್ನಡದ ಹೆಂಗಸರು ಹೇಳುವ ಕಥೆಗಳನ್ನು ಸಂಗ್ರಹಿಸಿದ ಅವರು ಗಂಡು ನಾಯಕನ ಕಥೆ ಮದುವೆಯಲ್ಲಿ ಮುಗಿದರೆ ಹೆಣ್ಣಿನ ಕಥೆ ಎಷ್ಟೋ ಸಲ ಮದುವೆಯಿಂದಲೇ ಶುರುವಾಗುತ್ತದೆ ಎಂದು ತೋರಿಸಿದರು. “ಹಂಗಾದ್ರೆ ಪಟ್ಟೀನೇ ಗಂಡಸ್ರುದು ಸರ್,” ಅಂದಳು ಒಬ್ಬಳು, ಶೇಂಗಾ ಸಿಪ್ಪೆ ಬಿಡಿಸುತ್ತಾ. ಪಟ್ಟಿ ರಷ್ಯಾದ ನೂರು ಕಥೆಗಳದು ಅಂತ ನಾನು ತಿದ್ದಿದೆ. ತಿದ್ದಬೇಕಾಗಿರಲಿಲ್ಲ ಅನ್ನಿಸುತ್ತದೆ ಈಗ.

ಭಟ್ಟಿಯ ನೆಲದ ಮೇಲೆ

ಭಟ್ಟಿ ಹುಡುಗನಿಗೆ ಹತ್ತು ಅಂಕದ ಬಗ್ಗೆ ಮುಜುಗರ ಹತ್ತಿತ್ತು. ಯಾರೂ ಕೇಳದಿದ್ದರೂ ಇನ್ನೊಂದು ಮಾಡಿ ತಂದ. ಅವನು ಎಷ್ಟೋ ಸಲ ನೋಡಿದ್ದ 2018ರ ‘ಕೆಜಿಎಫ್’ ಮೊದಲ ಭಾಗ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ದೃಶ್ಯ ಬರೆದು, ಭಟ್ಟಿಯ ಗೋಣಿತಾಟಿನ ಮೇಲೆ ಎರಡು ಸಾಲು ಜೋಡಿಸಿದ್ದ. ಮೇಲಿನ ಸಾಲು ಸಿನಿಮಾದಲ್ಲಿ ತೋರಿಸುವ ವರಸೆ, ಕೆಳಗಿನದು ಘಟನೆಗಳು ನಿಜವಾಗಿ ನಡೆದ ವರಸೆ. ಚೀಟಿ ಹಾರದಂತೆ ಮೇಲೆ ಒಂದೊಂದು ಹಿಡಿ ಮಂಡಕ್ಕಿ. ಮಂಡಕ್ಕಿ ಸಮೇತ ಚೀಟಿ ಹಾರಿದ ಮೇಲೆ ಸಣ್ಣ ಕಲ್ಲು. ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದ.

ರಷ್ಯಾದ ರೂಪವಾದಿಗಳು ಇದೇ ಎರಡು ಸಾಲಿಗೆ ಫ್ಯಾಬುಲಾ, ಸ್ಯುಜೆಟ್ ಎಂದು ಹೆಸರಿಟ್ಟಿದ್ದರು. ನಡೆದ ವರಸೆ ಫ್ಯಾಬುಲಾ, ಹೇಳಿದ ವರಸೆ ಸ್ಯುಜೆಟ್. ನಾನು ಆ ಪದಗಳನ್ನು ತರಗತಿಯಲ್ಲಿ ಹೇಳಿರಲೇ ಇಲ್ಲ.

ಅವನ ಫೋಟೊದಲ್ಲಿ ಕೆಂಪು ಇಂಕಿನ ಚೀಟಿಗಳೆಲ್ಲ ನಾಯಕನ ತಾಯಿಯವು. ಕೆಳಗಿನ ಸಾಲಿನಲ್ಲಿ ಅವು ಒಂದೇ ಕಡೆ, ಶುರುವಿನಲ್ಲಿ ಗುಂಪಾಗಿವೆ. ತಾಯಿ ಸತ್ತದ್ದು ನಾಯಕ ಚಿಕ್ಕವನಿದ್ದಾಗಲೇ. ಮೇಲಿನ ಸಾಲಿನಲ್ಲಿ ಚೆಲ್ಲಾಪಿಲ್ಲಿ. ದೊಡ್ಡ ಹೊಡೆದಾಟದ ಸುತ್ತಮುತ್ತ ಹೋಗಿ ಕೂತಿವೆ. ಹಿರಿಯ ಪತ್ರಕರ್ತನೊಬ್ಬ ಹೇಳುವ ಕಥೆಯಾಗಿ ಸಿನಿಮಾ ಬರುವುದರಿಂದ ಯಾವ ನೆನಪನ್ನು ಎಲ್ಲಿ ಬೇಕಾದರೂ ತೆಗೆದಿಡಲು ಅನುಕೂಲ. ಪ್ರಾಪ್‌ನ ಕಥೆಯಲ್ಲಿ ದಾನಿಯ ಭಾಗ ಒಮ್ಮೆ ಬಂದು ಮುಗಿಯುತ್ತದೆ: ಪರೀಕ್ಷೆ, ಉತ್ತರ, ಮಾಯಾವಸ್ತು. ಇಲ್ಲಿ ದಾನಿಯ ಜಾಗದಲ್ಲಿರುವ ತಾಯಿಯನ್ನು ಮತ್ತೆ ಮತ್ತೆ ಕರೆಯುತ್ತಾರೆ, ಬ್ಯಾಟರಿ ಚಾರ್ಜಿಗೆ ಇಟ್ಟ ಹಾಗೆ. ಹೋಲಿಕೆ ಅವನದೇ.

“ಇನ್ನೊಂದು ಸರ್. ದಾನಿ ಅಂದ್ರೆ ಕೊಡೋರು ತಾನೆ? ಇಲ್ಲಿ ತಾಯಿ ಏನೂ ಕೊಟ್ಟಿಲ್ಲ. ಇಸ್ಕೊಂಡಿದಾಳೆ.”

ಸಾಯುವ ಹೊತ್ತಿಗೆ ದೊಡ್ಡ ಶ್ರೀಮಂತನಾಗಿರಬೇಕು ಎಂಬ ಮಾತು. ಹೌದು, ಅವಳು ಮಗನಿಂದ ಭಾಷೆ ತೆಗೆದುಕೊಂಡಿದ್ದಾಳೆ. ಹಸು ಹುಲಿಗೆ ಕೊಟ್ಟದ್ದೂ ಭಾಷೆಯೇ. ಮಾಯಾಖಡ್ಗ ಇರಬೇಕಾದ ಜಾಗದಲ್ಲಿ ಸಾಲ ಇದೆ, ನಾಯಕನ ಬಲವೆಲ್ಲ ಆ ಸಾಲ ತೀರಿಸುವ ಹಟದಿಂದ ಬಂದದ್ದು. ಎಲ್ಲ ಮಾಸ್ ಚಿತ್ರಗಳಿಗೂ ಇದು ನಿಜವೇ ಎಂದು ಕೇಳಿದೆ. ಹುಡುಗ ಫೋನ್ ಒರೆಸಿ ಜೇಬಿಗಿಟ್ಟುಕೊಂಡು, “ಇನ್ನೂ ಚೀಟಿ ಕತ್ತರಿಸ್ಬೇಕು ಸರ್,” ಅಂದ.

ಅಂಕ

ಹುಡುಗಿಗೆ ಹತ್ತಕ್ಕೆ ಒಂಬತ್ತು ಎಂದು ತಿದ್ದಿದೆ. ತಿದ್ದಿದ ಪಟ್ಟಿ ಕೊಡಲು ಹೋದರೆ ಆಂತರಿಕ ಅಂಕ ಏರಿಸುವ ಪೋರ್ಟಲ್ ಮುಚ್ಚಿ ನಾಲ್ಕು ದಿನವಾಗಿತ್ತು. ಕೋಟೆಗೆ ಹೋಗುವ ಮೊದಲೇ ಕೊಡಬೇಕಿತ್ತು, ಮರೆತಿದ್ದೆ. ಒಂದು ಅರ್ಜಿ ಬರೆದುಕೊಟ್ಟೆ, ಎರಡು ಸಲ ವಿಚಾರಿಸಿದೆ, ಆಗಲಿಲ್ಲ. ಅವಳ ಅಂಕಪಟ್ಟಿಯಲ್ಲಿ ಆರೇ ಉಳಿಯಿತು, ಭಟ್ಟಿ ಹುಡುಗನದರಲ್ಲಿ ಹತ್ತು.

ಹೇಳಲು ಕರೆದಾಗ ಅವಳು ಹೆಚ್ಚು ಮಾತಾಡಲಿಲ್ಲ. “ಆರೇ ಇರ್ಲಿ ಬಿಡ್ರಿ ಸರ್. ಆ ಹಾಳೆ ವಾಪಸ್ ಕೊಡ್ತೀರಾ?”

ನಿಯಮದ ಪ್ರಕಾರ ವರ್ಷ ಮುಗಿಯುವವರೆಗೆ ಇಲಾಖೆಯ ಬೀರುವಿನಲ್ಲಿರಬೇಕು. ಎರಡೂ ಬದಿ ಜೆರಾಕ್ಸ್ ಮಾಡಿಸಿ ಬೀರುವಿಗೆ ಅದನ್ನು ಹಾಕಿ, ಅಂಗೈ ಇರುವ ಹಾಳೆಯನ್ನು ಅವಳಿಗೆ ಕೊಟ್ಟೆ.